ಸಹಾಯ ಬೇಕು: ನೆಲ್ಲಿನ (ಭತ್ತದ) ರಾಶಿ ಸಮಯದ ಕಣ್ಣಿನ ಹುಣ್ಣಿನ ಅಧ್ಯಯನಕ್ಕೆ

ಸಿಂಧನೂರು, ಮಾನ್ವಿ, ಗಂಗಾವತಿ, ಕಾರಟಗಿ ಕಡೆಯ ಆಶಾ ಅಕ್ಕಂದಿರು, ಮೆಡಿಕಲ್ ಶಾಪಿನವರು ದಯವಿಟ್ಟು ಓದಿ.

ನೆಲ್ಲಿನ ಗರಿ ಬಡಿದು ಕಣ್ಣಿನ ಕರಿಗುಡ್ಡೆಗೆ ಫಂಗಸ್ ಹುಣ್ಣಾದವರನ್ನು 3 ತಿಂಗಳು ಗಮನಿಸುತ್ತಿದ್ದೇವೆ. ಫಂಗಸ್ ಕೊಲ್ಲುವ ನ್ಯಾಟಮೈಸಿನ್ 5% ಹನಿಯನ್ನು ಮೊದಲ ವಾರ ಎಚ್ಚರ ಇರುವಷ್ಟು ಹೊತ್ತೂ ಗಂಟೆಗೊಮ್ಮೆ, ಆಮೇಲೆ 3 ವಾರ ತುಂಬುವವರೆಗೆ 2 ಗಂಟೆಗೊಮ್ಮೆ ಹಾಕಬೇಕು. ಬಾಟಲಿಯ ತಳದಲ್ಲಿ ಬಿಳಿ ಗಸಿ ಕೂತಿರುತ್ತದೆ, ಅದೇ ಔಷಧಿ. ಅಲುಗಾಡಿಸದೆ ಹಾಕಿದರೆ ಬರೀ ತಿಳಿನೀರು ಬೀಳುತ್ತದೆ.

ದೊಡ್ಡ ತೊಡಕು ಬೇರೆಯೇ ಇದೆ. ನೋವು ಇಳಿದ ಕೂಡಲೇ ಹನಿ ನಿಲ್ಲಿಸುತ್ತಾರೆ. ಗುಳೆ ಹೋದವರು 3ನೇ ತಿಂಗಳ ದೃಷ್ಟಿ ಪರೀಕ್ಷೆಗೆ ಸಿಗುವುದಿಲ್ಲ. ಕಣ್ಣು ಕೆಟ್ಟವರೇ ಬರದಿದ್ದರೆ ಚಿಕಿತ್ಸೆ ಇರುವುದಕ್ಕಿಂತ ಚೆನ್ನಾಗಿ ಕಂಡುಬಿಡುತ್ತದೆ. ಹಾಗಾಗಬಾರದು.

ಊರಿಗೊಬ್ಬರು ತಾರೀಖು ನೆನಪಿಸಿ, ಬಸ್ಸು ಹತ್ತಿಸುವವರು ಬೇಕು. ಅಧ್ಯಯನಕ್ಕೆ ಸೇರುವ ಒಪ್ಪಿಗೆ ಪತ್ರ ಈ ಕಡೆಯ ಮಾತಿನಲ್ಲಿ ತಿಳಿಯುತ್ತದೆಯೇ ಎಂದು, ಓದು ಬಾರದ ಹಿರಿಯರಿಗೆ ಓದಿ ಹೇಳಿ, ಅವರಿಗೆ ಅರ್ಥವಾದದ್ದನ್ನು ತಿರುಗಿ ಕೇಳಿ ಬರೆದುಕೊಡುವವರೂ ಬೇಕು.

ಮೆಡಿಕಲ್ ಶಾಪಿನವರೇ, ಕಸ ಬಿದ್ದ ಕೆಂಗಣ್ಣಿಗೆ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಬೆರೆತ ಹನಿ ಕೊಡಬೇಡಿ. ಕೆಂಪು ಇಳಿದಂತೆ ಕಂಡರೂ ಒಳಗೆ ಫಂಗಸ್ ಬೆಳೆಯುತ್ತದೆ. ಈಗಾಗಲೇ ಹಾಕಿದ್ದರೆ ಖಾಲಿ ಬಾಟಲಿಯನ್ನಾದರೂ ಕಳಿಸಿ.

ಕೈಜೋಡಿಸುವವರು ಊರು, ತಾಲ್ಲೂಕು ಬರೆಯಿರಿ. ರೋಗಿಯ ಹೆಸರು, ಕಣ್ಣಿನ ಫೋಟೊ ಇಲ್ಲಿ ಹಾಕಬೇಡಿ.