‘ಕಂಟಿನ್ಯುಟಿ’ಗೆ ‘ನಿರಂತರತೆ’ ಸಾಕೇ, ‘ತಾಳೆ’ ಸಲ್ಲುತ್ತದೆಯೇ?

ಚಿಕ್ಕಮಗಳೂರಿನಲ್ಲಿ ಕಿರುಚಿತ್ರ ತೆಗೆಯಲು ಕಲಿಯುತ್ತಿರುವ ಕಾಲೇಜು ವಿದ್ಯಾರ್ಥಿಗಳಿಗಾಗಿ ಅಭ್ಯಾಸದ ಟಿಪ್ಪಣಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ಬರುವ ‘ಕಂಟಿನ್ಯುಟಿ’ (ಬಿಡಿಬಿಡಿಯಾಗಿ ತೆಗೆದ ಶಾಟುಗಳು ಜೋಡಿಸಿದಾಗ ಒಂದಕ್ಕೊಂದು ಹೊಂದಿಕೊಳ್ಳುವುದು) ಮತ್ತು ಅದರ ಬಳಗದ ಪದಗಳ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಅಭ್ಯಾಸದ ದೃಶ್ಯ ಚಿಕ್ಕದು. ಒಬ್ಬಳು ಬಾಗಿಲು ತೆರೆದು ಒಳಬಂದು, ಪಡಸಾಲೆ ದಾಟಿ, ಅಲ್ಲಿ ಕುಳಿತವನ ಎದುರಿನ ಕುರ್ಚಿಯಲ್ಲಿ ಕೂತು ಎರಡು ಮಾತಾಡುತ್ತಾಳೆ. ತೆರೆಯ ಮೇಲೆ ಅರ್ಧ ನಿಮಿಷದಲ್ಲಿ ಮುಗಿಯುವ ಇದನ್ನು ಬಾಗಿಲ ಹೊರಗಿನಿಂದ, ಒಳಗಿನಿಂದ, ಅವಳ ಮುಖಕ್ಕೆ, ಅವನ ಮುಖಕ್ಕೆ ಎಂದು ಬಿಡಿಬಿಡಿಯಾಗಿ, ಕಥೆಯ ಕ್ರಮವನ್ನೂ ಅನುಸರಿಸದೆ ಚಿತ್ರಿಸಿ, ಆಮೇಲೆ ಸಂಕಲನದಲ್ಲಿ ಒಂದುಗೂಡಿಸಬೇಕು.

‘ಕಂಟಿನ್ಯುಟಿ’ಗೆ ಹೊಳೆಯುವ ‘ನಿರಂತರತೆ’, ‘ಸಾತತ್ಯ’, ‘ಅವಿಚ್ಛಿನ್ನತೆ’ ಎಂಬ ಮೂರೂ ನಡುವೆ ಬಿಡುವಿಲ್ಲ ಎಂಬ ಅರ್ಥವನ್ನೇ ಕೊಡುತ್ತವೆ. ಚಿತ್ರೀಕರಣವಾದರೋ ಬಿಡುವುಗಳಿಂದಲೇ ಆದದ್ದು. ‘ನಿರಂತರ’ವೆಂದು ಕೇಳಿದ ಹೊಸಬರು ಕ್ಯಾಮೆರಾ ನಿಲ್ಲಿಸದೆ ತೆಗೆಯಬೇಕೆಂದು ತಿಳಿಯುವುದು ಸಹಜ; ಹಾಗೆ ಒಂದೇ ಶಾಟಿನಲ್ಲಿ ತೆಗೆದರೆ ಈ ಅಭ್ಯಾಸದ ಅಗತ್ಯವೇ ಬಹುಮಟ್ಟಿಗೆ ಇರುವುದಿಲ್ಲ. ನಾವು ಕಲಿಸಬೇಕಾದದ್ದು, ಬೇರೆ ಬೇರೆ ಹೊತ್ತಿನಲ್ಲಿ ತೆಗೆದ ಎರಡು ತುಣುಕುಗಳು ಒಂದಕ್ಕೊಂದು ಒಪ್ಪುವಂತೆ ಮಾಡುವುದನ್ನು.

ಈ ಕೆಲಸಕ್ಕೆ ‘ತಾಳೆ’ ಎಂಬ ಪದ ನನಗೆ ಹೆಚ್ಚು ಹತ್ತಿರವೆನಿಸುತ್ತದೆ. ಲೆಕ್ಕ ತಾಳೆಯಾಗುತ್ತದೆ, ಸಾಕ್ಷಿಗಳ ಹೇಳಿಕೆ ತಾಳೆಯಾಗುತ್ತದೆ, ಹಸ್ತಪ್ರತಿಗಳ ಪಾಠಗಳನ್ನು ತಾಳೆ ನೋಡುತ್ತೇವೆ. ಎಲ್ಲ ಕಡೆಯೂ ಬೇರೆಬೇರೆಯಾಗಿ ಹುಟ್ಟಿದವುಗಳನ್ನು ಪಕ್ಕಪಕ್ಕ ಇಟ್ಟು ಪರೀಕ್ಷಿಸುವ ಅರ್ಥವಿದೆ. ಲೋಟದಲ್ಲಿ ಕಾಫಿ ಎಷ್ಟಿತ್ತು, ಅದು ಯಾವ ಕೈಯಲ್ಲಿತ್ತು, ಯಾವ ಮಾತಿಗೆ ಕೆಳಗಿಟ್ಟಳು ಎಂಬುದೆಲ್ಲ ‘ವಸ್ತುಗಳ ತಾಳೆ’. ‘ಬೆಳಕಿನ ತಾಳೆ’ ನಮ್ಮ ಮಲೆನಾಡಿನಲ್ಲಿ ಎಲ್ಲಕ್ಕಿಂತ ಕಷ್ಟದ್ದು: ಆಷಾಢದಲ್ಲಿ ಮಂಜು ಕವಿದರೆ, ಒಂದು ಶಾಟಿನಲ್ಲಿ ಹಸಿರು ತೋಟ ಕಾಣುತ್ತಿದ್ದ ಕಿಟಕಿ ಮುಂದಿನ ಶಾಟಿಗೆ ಬರಿಯ ಬಿಳಿಯಾಗಿರುತ್ತದೆ. ಆದ್ದರಿಂದಲೇ ಕಿಟಕಿ ಕಾಣುವ ಶಾಟುಗಳನ್ನೆಲ್ಲ ಒಟ್ಟಿಗೆ ಮುಗಿಸಿಕೊಳ್ಳಬೇಕೆಂದು ಟಿಪ್ಪಣಿಯಲ್ಲಿ ಬರೆದಿದ್ದೇನೆ. ಒಂದು ತೊಡಕೆಂದರೆ, ಇವನ್ನೆಲ್ಲ ಗುರುತು ಹಾಕಿಕೊಳ್ಳುವ ಕಂಟಿನ್ಯುಟಿ ಶೀಟನ್ನು ‘ತಾಳೆಪಟ್ಟಿ’ ಎಂದರೆ ತಾಳೆಮರ, ತಾಳೆಗರಿ ನೆನಪಾಗುತ್ತವೆ. ‘ತಾಳೆನೋಟದ ಪಟ್ಟಿ’ ಎಂದರೆ ಉದ್ದವಾದರೂ ಗೊಂದಲವಿಲ್ಲ.

ಒಂದು ಕ್ರಿಯೆಯ ನಡುವೆಯೇ ಶಾಟು ಬದಲಿಸುವ ‘ಮ್ಯಾಚ್ ಆನ್ ಆ್ಯಕ್ಷನ್’ ಎಂಬುದನ್ನು ‘ಕ್ರಿಯಾಸಾಮ್ಯ’ ಎನ್ನಲು ನನಗೆ ಮನಸ್ಸಿಲ್ಲ. ಸಾಮ್ಯವೆಂದರೆ ಎರಡು ಕ್ರಿಯೆಗಳು ಪರಸ್ಪರ ಹೋಲುತ್ತವೆ ಎಂದಾಗುತ್ತದೆ. ಇಲ್ಲಿ ನೋಡುಗರಿಗೆ ಕಾಣಬೇಕಾದದ್ದು ಒಂದೇ ಕ್ರಿಯೆ. ಬಾಗಿಲು ತಳ್ಳುವುದನ್ನು ಹೊರಗಿನಿಂದಲೂ ಒಳಗಿನಿಂದಲೂ ಪೂರ್ತಿಯಾಗಿ ತೆಗೆದು, ಬಾಗಿಲು ಇನ್ನೂ ಚಲಿಸುತ್ತಿರುವಾಗಲೇ ಕತ್ತರಿಸಿ ಜೋಡಿಸಿದರೆ, ಕಣ್ಣು ಚಲನೆಯ ಹಿಂದೆ ಹೋಗುವುದರಿಂದ ಜೋಡಣೆ ಗಮನಕ್ಕೆ ಬರುವುದಿಲ್ಲ. ‘ಚಲನೆಯಲ್ಲಿ ಬೆಸುಗೆ’ ಎಂದರೆ ಈ ಉಪಾಯವೇ ಹೆಸರಿನಲ್ಲಿ ಬಂದಂತಾಗುತ್ತದೆ.

180 ಡಿಗ್ರಿ ನಿಯಮಕ್ಕೆ ‘ಗೆರೆ’ ಸಾಕು. ಮಾತಾಡುವ ಇಬ್ಬರಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಮನಸ್ಸಿನಲ್ಲೇ ಎಳೆದುಕೊಂಡ ಗೆರೆಯ ಒಂದೇ ಬದಿಯಲ್ಲಿ ಕ್ಯಾಮೆರಾ ಇರಬೇಕು; ದಾಟಿದರೆ ಎದುರುಬದುರು ಕೂತವರಿಬ್ಬರೂ ತೆರೆಯ ಮೇಲೆ ಒಂದೇ ದಿಕ್ಕಿಗೆ ನೋಡುವಂತೆ ಕಾಣುತ್ತಾರೆ. ಮಿತಿ ಮೀರುವುದಕ್ಕೆ ‘ಗೆರೆ ದಾಟು’ ಎಂಬ ನುಡಿ ಮೊದಲೇ ಇರುವಾಗ ‘ಕಾಲ್ಪನಿಕ ಅಕ್ಷರೇಖೆಯ ಉಲ್ಲಂಘನೆ’ ಬೇಡ. ಎಡ, ಬಲ ಎನ್ನುವಾಗ ಮಾತ್ರ ‘ಚೌಕಟ್ಟಿನ ಎಡ’, ‘ಪಾತ್ರದ ಎಡ’ ಎಂದು ಬಿಡಿಸಿ ಹೇಳಲೇಬೇಕು, ಏಕೆಂದರೆ ಕ್ಯಾಮೆರಾಕ್ಕೆ ಮುಖಮಾಡಿ ನಿಂತ ನಟನ ಎಡಗೈ ಚೌಕಟ್ಟಿನ ಬಲಕ್ಕಿರುತ್ತದೆ.

ಚಿತ್ರೀಕರಣದ ಕೆಲಸಕ್ಕೆ ‘ತಾಳೆ’ ಒಪ್ಪಿದರೂ, ನೋಡುಗರ ಅನುಭವದಲ್ಲಿ ದೃಶ್ಯ ಒಂದಾಗಿ ಸಾಗುವ ಗುಣಕ್ಕೆ ಅದು ಸಾಲದು. ಅಲ್ಲಿ ‘ಎಡೆಬಿಡದ ಓಟ’ ಎನ್ನಬಹುದೇ, ಅಥವಾ ‘ನಿರಂತರತೆ’ಯನ್ನು ಆ ಅರ್ಥಕ್ಕಷ್ಟೇ ಮೀಸಲಿಡುವುದು ಮೇಲೇ? ‘ಕಂಟಿನ್ಯುಟಿ ಮಿಸ್’ ಎನ್ನುವಲ್ಲಿ ‘ತಾಳೆತಪ್ಪು’ ಎಂಬ ಸಮಾಸ ಕಿವಿಗೆ ಹಿತವೇ? ಹಾಸನ, ಅರಸೀಕೆರೆಯ ಕಡೆಯ ಆಡುಮಾತಿನಲ್ಲಿ ಇದಕ್ಕಿಂತ ಹಗುರವಾದ ಪದವಿದ್ದರೆ ಅದನ್ನು ಬಳಕೆಯ ವಾಕ್ಯದೊಂದಿಗೆ ತಿಳಿಸಬೇಕಾಗಿ ಕೋರುತ್ತೇನೆ.