ಕುಶಾಲನಗರಕ್ಕೆ ಜೆಟ್ಟೋ, ಎಟಿಆರೋ?

ಕುಶಾಲನಗರದವ: ನಮ್ಮಲ್ಲಿ ಕಿರು ವಿಮಾನ ನಿಲ್ದಾಣ ಬೇಕೆಂಬ ಮಾತು ಹಳೆಯದು. ಆಗುವುದಾದರೆ ಆಗಲಿ, ಆದರೆ ಪ್ರೊಪೆಲರ್ ತಿರುಗಿಸುವ ಎಟಿಆರ್ ಮಾತ್ರ ಬೇಡ. ಜೆಟ್ ಬರಲಿ. ಈಗ ಟರ್ಬೋಫ್ಯಾನ್, ಅಂದರೆ ಮುಂದೆ ದೊಡ್ಡ ಫ್ಯಾನ್ ಇರುವ ಜೆಟ್ ಎಂಜಿನ್‌ಗೂ ಗೇರ್ ಬಂದಿದೆ. ಪ್ರ್ಯಾಟ್ ಆ್ಯಂಡ್ ವಿಟ್ನಿಯದ್ದು, ಹೊಚ್ಚಹೊಸದು. ಇಂಧನ ಕಡಿಮೆ, ಸದ್ದೂ ಕಡಿಮೆ. ಆನೆಗಳೂ ನಿದ್ದೆ ಮಾಡಬಹುದು.

ಮಾಜಿ ಏರ್‌ಮನ್, ವಿರಾಜಪೇಟೆ: "ಹೊಚ್ಚಹೊಸದು" ಅಂತೆ! ಗ್ಯಾರೆಟ್ ಕಂಪನಿಯ ಟಿಎಫ್‌ಇ731 ಎಂಜಿನ್‌ಗೆ 1970ರ ದಶಕದ ಆರಂಭದಲ್ಲೇ ಗೇರ್ ಇತ್ತು. ಲಿಯರ್‌ಜೆಟ್ 35, ಫಾಲ್ಕನ್ 10 ಹಾರಿದ್ದು ಅದರಿಂದಲೇ. 1983ರಲ್ಲಿ ಸೇವೆಗೆ ಬಂದ ಬಿಎಇ 146 ವಿಮಾನದ ನಾಲ್ಕೂ ಎಂಜಿನ್‌ಗೆ ಗೇರ್. ಆಗ ನೀವು ಹುಟ್ಟಿದ್ದಿರಾ?

ಕುಶಾಲನಗರದವ: ಲಿಯರ್‌ಜೆಟ್ ಸಾಹುಕಾರರ ವಿಮಾನ ಸಾರ್. ನಾನು ಹೇಳಿದ್ದು ನಮ್ಮಂಥವರು ಟಿಕೆಟ್ ತಗೊಂಡು ಹತ್ತುವ, ಪ್ರ್ಯಾಟ್‌ನ ಗೇರ್ ಎಂಜಿನ್ ಇರುವ ಎಂಬ್ರೇಯರ್ ಇ2, ಎ220 ಜೆಟ್‌ಗಳ ಮಾತು.

ಸೋಮವಾರಪೇಟೆ ಮಳೆ: ಅಲ್ಲ, ಜೆಟ್‌ಗೆ ಗೇರ್ ಯಾಕೆ? ಘಾಟಿ ಹತ್ತಬೇಕಾ?

ತೋಟದ ಮನೆ, ಸುಂಟಿಕೊಪ್ಪ: ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ನಮ್ಮ ಪಲ್ಪರ್ ಯಂತ್ರ ನೋಡಿದರೆ ಸಾಕು. ಮೋಟಾರು ನಿಮಿಷಕ್ಕೆ 1440 ಸುತ್ತು. ಅದೇ ವೇಗದಲ್ಲಿ ಹಣ್ಣಿಗೆ ಕೊಟ್ಟರೆ ಬೀಜವೆಲ್ಲ ಜಜ್ಜಿಹೋಗುತ್ತದೆ. ಅದಕ್ಕೇ ಮೋಟಾರಿಗೆ ಚಿಕ್ಕ ಪುಲ್ಲಿ, ಪಲ್ಪರಿಗೆ ದೊಡ್ಡ ಪುಲ್ಲಿ, ನಡುವೆ ಬೆಲ್ಟ್. ಜೆಟ್‌ನಲ್ಲೂ ಹಾಗೇ. ಹಿಂದಿನ ಟರ್ಬೈನ್ ಜೋರಾಗಿ ತಿರುಗಿದರೇ ಲಾಭ. ಮುಂದಿನ ದೊಡ್ಡ ಫ್ಯಾನ್ ನಿಧಾನ ಇರಬೇಕು, ಇಲ್ಲದಿದ್ದರೆ ಅಲಗಿನ ತುದಿ ಶಬ್ದದ ವೇಗ ಮೀರಿ ಕಿರುಚುತ್ತದೆ. ನಡುವೆ ಗೇರ್ ಹಾಕಿದರೆ ಫ್ಯಾನ್ ಇನ್ನೂ ದೊಡ್ಡದು ಮಾಡಬಹುದು. ಎ220ರಲ್ಲಿ ಎಂಜಿನ್ ಒಳಗೆ ಹೋಗುವ ಗಾಳಿಯ ಸುಮಾರು 12 ಪಟ್ಟು ಪಕ್ಕದಿಂದಲೇ ಹಾದುಹೋಗುತ್ತದೆ. ಗೇರ್ ಇಲ್ಲದ ಇಆರ್‌ಜೆ-145 ಜೆಟ್‌ನಲ್ಲಿ ಬರೀ 5 ಪಟ್ಟು.

ಮಾಜಿ ಏರ್‌ಮನ್: ಬೆಲ್ಟ್ ಗೇರ್ ಅಲ್ಲ.

ತೋಟದ ಮನೆ: ಹೋಲಿಕೆ ಕೊಟ್ಟೆ ಮಾರಾಯರೇ.

ಮಾಜಿ ಏರ್‌ಮನ್: ತಪ್ಪು ಹೋಲಿಕೆ. ಬೆಲ್ಟ್ ಜಾರುತ್ತದೆ, ಗೇರ್ ಜಾರುವುದಿಲ್ಲ. ಸಾವಿರಾರು ಅಶ್ವಶಕ್ತಿ ದಾಟಿಸುವ ಕಡೆ ಬೆಲ್ಟ್ ಹೆಸರೇ ಎತ್ತಬಾರದು.

ತೋಟದ ಮನೆ: ನಮ್ಮದು 11 ವರ್ಷದಲ್ಲಿ ಒಂದು ದಿನ ಜಾರಿಲ್ಲ.

ಸೋಮವಾರಪೇಟೆ ಮಳೆ: ಹೋದ ತಿಂಗಳು ಬೆಲ್ಟ್‌ಗೆ ರಾಳ ಹಚ್ಚಿದೆ ಅಂತ ಬರೆದಿದ್ದು ಯಾರು ಅಣ್ಣ?

ತೋಟದ ಮನೆ: ಮಳೆಗೆ ನೆನೆದಿತ್ತು. ನೆನೆಯುವುದು ಬೇರೆ, ಜಾರುವುದು ಬೇರೆ.

ಮಾಜಿ ಏರ್‌ಮನ್: ನೆನೆದರೆ ಏನಾಗುತ್ತದೆ? ಜಾರುತ್ತದೆ!

ಪೊನ್ನಂಪೇಟೆ ನೋಟ: ಗೇರ್ ಗೇರ್ ಅಂತೀರಿ. 2023ರಿಂದ ಪ್ರ್ಯಾಟ್‌ನ ಗೇರ್ ಎಂಜಿನ್ ವಿಮಾನಗಳೇ ಸಾಲಾಗಿ ನಿಂತವು, ಅಲ್ವಾ? ಸ್ಟಾರ್ ಏರ್ ವಿಮಾನ ಕಂಪನಿಯ ಇ175 ಜೆಟ್ ನೋಡಿ, ಜಿಇ ಸಿಎಫ್34 ಎಂಜಿನ್. ಗೇರೂ ಇಲ್ಲ, ಗೋಳೂ ಇಲ್ಲ.

ಕುಶಾಲನಗರದವ: ಸುಮ್ನೆ ಗೇರ್ ಮೇಲೆ ಹಾಕಬೇಡಿ. ಎಂಜಿನ್ ಒಳಗೆ ತಿರುಗುವ ಡಿಸ್ಕ್ ಮಾಡುವ ಲೋಹದ ಪುಡಿಯಲ್ಲಿ ಕಲ್ಮಶ ಸೇರಿತ್ತು, ಅಷ್ಟೇ.

ಪೊನ್ನಂಪೇಟೆ ನೋಟ: ನಿಂತದ್ದು ನಿಂತದ್ದೇ.

ಬೆಂಗಳೂರಲ್ಲಿರುವ ಕೊಡಗಿನವ: ನಮ್ಮ ಎಚ್‌ಎಎಲ್ ಕೂಡ 25 ಕಿಲೋನ್ಯೂಟನ್ ತಳ್ಳುವ ಶಕ್ತಿಯ ಟರ್ಬೋಫ್ಯಾನ್ ಮಾಡುತ್ತಿದೆ. ಬಿಸಿನೆಸ್ ಜೆಟ್‌ಗೂ ಆಗುತ್ತದೆ. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ.

ಮಾಜಿ ಏರ್‌ಮನ್: ಎಂಜಿನ್ ಯಾವುದೇ ಇರಲಿ, ಕುಶಾಲನಗರ ಸುಮಾರು 800 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳು, ಎಂಜಿನ್‌ನ ತಳ್ಳುವ ಶಕ್ತಿ ಕುಗ್ಗುತ್ತದೆ.

ಕುಶಾಲನಗರದವ: ಬೆಂಗಳೂರು ಇನ್ನೂ ಎತ್ತರ ಸಾರ್. ಅಲ್ಲಿ ಜೆಟ್ ಹಾರುತ್ತಿಲ್ಲವಾ?

ಮಾಜಿ ಏರ್‌ಮನ್: ಅಲ್ಲಿ 4 ಕಿ.ಮೀ. ರನ್‌ವೇ ಇದೆ. ಎಟಿಆರ್‌ಗೆ ಅದರ ಅರ್ಧವೂ ಬೇಡ. ನಾಲ್ಕು ಕಿ.ಮೀ. ಸಮತಟ್ಟು ಜಾಗ ಕೊಡಗಿನಲ್ಲಿ ಎಲ್ಲಿದೆ, ನಿಮ್ಮ ಗದ್ದೆಯಲ್ಲಾ?

ಕುಶಾಲನಗರದವ: ಗದ್ದೆ ವಿಷಯಕ್ಕೆ ಬರಬೇಡಿ.

ತೋಟದ ಮನೆ: ನಾಳೆ ಪಲ್ಪರ್ ಫೋಟೋ ಹಾಕುತ್ತೇನೆ. ಎರಡು ಪುಲ್ಲಿ ನೋಡಿ, ಆಮೇಲೆ ಮಾತಾಡಿ.

ಮಾಜಿ ಏರ್‌ಮನ್: ಪುಲ್ಲಿ ಬೇಡ. ಹಲ್ಲು ಇದ್ದರೆ ತೋರಿಸಿ.