ನದಿ ದಂಡೆಯಲ್ಲಿ 35 ಕಿ.ಮೀ. ಸೈಕಲ್ ಸುತ್ತು: ಹೋಗಿ ಬಂದವರು ಅನುಭವ ಹೇಳ್ತೀರಾ?

ಎಲ್ಲರಿಗೂ ನಮಸ್ಕಾರ. ನಾನು ಕೆಲಸಕ್ಕೆ ಸೈಕಲ್‌ನಲ್ಲೇ ಹೋಗಿ ಬರುತ್ತೇನೆ, ದಿನಕ್ಕೆ ಹತ್ತು ಕಿಲೋಮೀಟರ್ ಆಗಬಹುದು. ಅದಕ್ಕಿಂತ ದೂರ ಹೋದವಳಲ್ಲ. ಈಗ ಹದಿಮೂರು ವರ್ಷದ ಮಗಳನ್ನು ಕರೆದುಕೊಂಡು ನದಿ ದಂಡೆ ಹಿಡಿದು ಒಂದು ದೊಡ್ಡ ಸುತ್ತು ಹಾಕುವ ಆಸೆ. ಮೊದಲು ಪಾರ್ಕುಗಳು, ಆಮೇಲೆ ಹೊಲಗಳ ನಡುವೆ ಮಣ್ಣು-ಜಲ್ಲಿಯ ದಾರಿ, ಸೇತುವೆ ದಾಟಿ ಆಚೆ ದಂಡೆಯಲ್ಲಿ ವಾಪಸ್. ಒಟ್ಟು 35 ಕಿ.ಮೀ. ದಾರಿಯ ವಿವರದಲ್ಲಿ ‘ಮಧ್ಯಮ ಕಷ್ಟ’ ಅಂತ ಬರೆದಿದ್ದಾರೆ. ನದಿ ಪಕ್ಕ ಅಂದರೆ ಸಮತಟ್ಟು ಅಲ್ವಾ, ಮತ್ತೆ ಕಷ್ಟ ಎಲ್ಲಿಂದ ಬಂತು? ಎಷ್ಟು ಹೊತ್ತು ಬೇಕು, ಯಾವ ಕಡೆಯಿಂದ ಶುರು ಮಾಡಬೇಕು, ಜೊತೆಗೆ ಏನಿರಬೇಕು? ಇಬ್ಬರದೂ ಗೇರ್ ಇರುವ ಸಾಧಾರಣ ಸೈಕಲ್.

ಉತ್ತರ:

ತಾಯಿ ಮಗಳು ಜೊತೆಯಾಗಿ ಹೊರಟಿದ್ದೀರಿ ಅಂತ ಓದಿ ತುಂಬಾ ಖುಷಿಯಾಯಿತು. ನಾನು ಜಾಸ್ತಿ ಸೈಕಲ್ ಹೊಡೆದಿರುವುದು ಇಂಥ ದಂಡೆ ದಾರಿಗಳಲ್ಲೇ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಸಮತಟ್ಟು ಅನ್ನುವುದು ನಿಜ. ಆದರೆ ಕಾಲು ಸೋಲುವುದೂ ಅದರಿಂದಲೇ. ಗುಡ್ಡದ ದಾರಿಯಲ್ಲಿ ಏರಿದ ಮೇಲೆ ಇಳಿಜಾರು ಸಿಗುತ್ತದೆ, ಪೆಡಲ್ ತುಳಿಯದೆ ಸುಮ್ನೆ ಕೂತು ಉಸಿರು ತೆಗೆದುಕೊಳ್ಳಬಹುದು. ದಂಡೆಯ ಮೇಲೆ ಆ ಬಿಡುವು ಇಲ್ಲ. ಎರಡು ಗಂಟೆ ಹೋದರೆ ಎರಡು ಗಂಟೆಯೂ ತುಳಿಯಬೇಕು. ಕೂತ ರೀತಿಯೂ ಬದಲಾಗುವುದಿಲ್ಲ, ಹಾಗಾಗಿ ಕಾಲಿಗಿಂತ ಮೊದಲು ಸೊಂಟ ಮತ್ತು ಅಂಗೈ ದೂರು ಹೇಳುತ್ತವೆ. ಆಗಾಗ ಸೀಟಿನಿಂದ ಎದ್ದು ನಿಂತು ನಾಲ್ಕು ಸಲ ತುಳಿಯಿರಿ. ಹ್ಯಾಂಡಲ್ ಮೇಲೆ ಕೈ ಇಟ್ಟ ಜಾಗ ಬದಲಿಸುತ್ತಿರಿ. ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿದರೆ ಅಂಗೈ ಬುಡದಲ್ಲಿ ನರ ಒತ್ತುತ್ತಿದೆ ಅಂತ ಅರ್ಥ. ಮೊಣಕೈ ಸ್ವಲ್ಪ ಮಡಚಿ, ಭಾರ ಕೈ ಮೇಲಿಂದ ಸೀಟಿನ ಮೇಲಕ್ಕೆ ಬರಲಿ.

ಇನ್ನು ಗಾಳಿ. ಈ ದಾರಿ ಮಧ್ಯಮವೋ ಸುಲಭವೋ ಅಂತ ಆ ದಿನದ ಗಾಳಿಯೇ ತೀರ್ಮಾನ ಮಾಡುತ್ತದೆ. ಪಾರ್ಕಿನಲ್ಲಿ ಮರಗಳ ಮರೆ ಇರುವುದರಿಂದ ಗೊತ್ತೇ ಆಗುವುದಿಲ್ಲ. ಹೊಲಗಳ ಬಯಲಿಗೆ ಬಂದ ಕೂಡಲೇ ಮುಖಕ್ಕೆ ಬಡಿಯುತ್ತದೆ. ಸಮತಟ್ಟಾದ ಒಳ್ಳೆಯ ರಸ್ತೆಯಲ್ಲಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗುವಾಗ ನಮ್ಮ ಶಕ್ತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಗಾಳಿಯನ್ನು ಸರಿಸುವುದಕ್ಕೇ ಖರ್ಚಾಗುತ್ತದೆ. ಮುಖಕ್ಕೆ ಬಡಿಯುವ ಗಾಳಿಯ ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟಾಗುತ್ತದೆ. ಅದಕ್ಕೇ ಹಿಂದಿನ ರಾತ್ರಿ ಹವಾಮಾನ ನೋಡುವಾಗ ಮಳೆ ಒಂದನ್ನೇ ನೋಡಬೇಡಿ, ಗಾಳಿ ಯಾವ ದಿಕ್ಕಿನಿಂದ, ಎಷ್ಟು ಜೋರು ಅಂತಲೂ ನೋಡಿ. ಹೋಗುವಾಗ ಎದುರು ಗಾಳಿ, ಬರುವಾಗ ಬೆನ್ನಿಗೆ ಗಾಳಿ ಬರುವ ಹಾಗೆ ದಿಕ್ಕು ಆರಿಸಿಕೊಳ್ಳಿ. ನೆಲ ಕಾಯುತ್ತಾ ಬಂದಂತೆ ಸಾಮಾನ್ಯವಾಗಿ ಮಧ್ಯಾಹ್ನ ಗಾಳಿ ಏಳುತ್ತದೆ. ಬೆಳಿಗ್ಗೆ ಬೇಗ ಹೊರಟರೆ ಅರ್ಧ ಚಿಂತೆ ಕಳೆಯಿತು.

ಎದುರು ಗಾಳಿ ಸಿಕ್ಕಾಗ ವೇಗ ಉಳಿಸಿಕೊಳ್ಳಲು ಹೋಗಬೇಡಿ. ಗೇರ್ ಹಗುರ ಮಾಡಿ, ಕಾಲು ಅದೇ ಲಯದಲ್ಲಿ ತಿರುಗಲಿ, ಸೈಕಲ್ ನಿಧಾನವಾದರೆ ಆಗಲಿ. ನಿಮಿಷಕ್ಕೆ 70–80 ಸುತ್ತು ಪೆಡಲ್ ತಿರುಗಿದರೆ ಮಂಡಿಗೆ ಹಿತ. ನೀವು ಮುಂದೆ ಹೋಗಿ, ಮಗಳು ನಿಮ್ಮ ಹಿಂದೆ ಬರಲಿ, ಅವಳಿಗೆ ಗಾಳಿಯ ಹೊಡೆತ ತುಂಬಾ ಕಡಿಮೆಯಾಗುತ್ತದೆ. ಆದರೆ ಚಕ್ರಕ್ಕೆ ಚಕ್ರ ತಾಗುವಷ್ಟು ಹತ್ತಿರ ಬೇಡ, ಒಂದು ಸೈಕಲ್‌ನಷ್ಟಾದರೂ ಅಂತರ ಇರಲಿ.

ಮುಖ್ಯವಾದ ಇನ್ನೊಂದು ಮಾತು, ಸೇತುವೆಗಳದ್ದು. ದಂಡೆ ದಾರಿಯಲ್ಲಿ ಮನಸ್ಸು ಬಂದಲ್ಲಿ ತಿರುಗಿ ಆಚೆ ದಂಡೆಗೆ ಹೋಗಲು ಆಗುವುದಿಲ್ಲ. ಸೇತುವೆ ಇದ್ದಲ್ಲಿ ಮಾತ್ರ ದಾಟಬಹುದು. ಒಂದು ಸೇತುವೆ ಬಿಟ್ಟು ಮುಂದೆ ಹೋದಿರಿ ಅಂದರೆ ಮುಂದಿನದರವರೆಗೂ ಹೋಗಲೇಬೇಕು, ಇಲ್ಲವೇ ಬಂದ ದಾರಿಯಲ್ಲೇ ವಾಪಸ್. ಹಾಗಾಗಿ ಹೊರಡುವ ಮೊದಲು ನಕ್ಷೆಯಲ್ಲಿ ಎಲ್ಲ ಸೇತುವೆಗಳನ್ನೂ ಗುರುತು ಮಾಡಿ. ಅವುಗಳ ಮೇಲೆ ಸೈಕಲ್ ದಾಟಬಹುದೋ, ಮೆಟ್ಟಿಲು ಇದೆಯೋ ವಿಚಾರಿಸಿ. ಪ್ರತಿ ಸೇತುವೆ ಹತ್ತಿರ ಬಂದಾಗ ಇಳಿದು ನಿಂತು ಮಗಳನ್ನು ಕೇಳಿ: ಮುಂದೆ ಹೋಗೋಣವಾ, ಇಲ್ಲೇ ದಾಟೋಣವಾ? ಅವಳು ಅನುಮಾನಿಸಿದರೆ ದಾಟಿಬಿಡಿ. ಚಿಕ್ಕ ಸುತ್ತು ನಗುತ್ತಾ ಮುಗಿಸಿದರೆ ಮುಂದಿನ ವಾರ ಅವಳೇ ನಿಮ್ಮನ್ನು ಎಬ್ಬಿಸುತ್ತಾಳೆ.

ದೂರ ಅಳೆಯುವಾಗ ನದಿಯ ತಿರುವುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ನಕ್ಷೆಯಲ್ಲಿ ಕಣ್ಣಳತೆಗೆ ಹತ್ತಿರ ಕಂಡ ಊರು ದಾರಿ ಹಿಡಿದು ಹೋದರೆ ಎಷ್ಟೋ ದೂರ ಇರುತ್ತದೆ. ಆ್ಯಪ್‌ನಲ್ಲಿ ತೋರಿಸುವ ಏರಿಳಿತವನ್ನೂ ಪೂರ್ತಿ ನಂಬುವಂತಿಲ್ಲ. ಸೇತುವೆಯ ಮೇಲಿನ ಎತ್ತರದ ಬದಲು ಕೆಳಗಿನ ನೀರಿನ ಎತ್ತರವನ್ನು ಹಿಡಿದು, ಇಲ್ಲದ ಇಳಿಜಾರು, ಇಲ್ಲದ ಏರು ಎರಡನ್ನೂ ಸೇರಿಸಿಬಿಡುತ್ತವೆ. ನಿಜವಾದ ಏರು ಇರುವುದು ದಂಡೆಯಿಂದ ಸೇತುವೆಗೆ ಹತ್ತುವ ಚಿಕ್ಕ ದಾರಿಯಲ್ಲಿ. ಗಿಡ್ಡ, ಆದರೆ ಕಡಿದು. ಏರು ಶುರುವಾಗುವ ಮೊದಲೇ ಗೇರ್ ಇಳಿಸಿ. ನಡುವೆ ಬದಲಿಸಿದರೆ ಚೈನು ಕಚ್ಚಿಕೊಳ್ಳದೆ ಕಟಕಟ ಅನ್ನುತ್ತದೆ.

ಹೊತ್ತಿನ ಲೆಕ್ಕ: ಜಲ್ಲಿ ದಾರಿಯೂ ಇರುವುದರಿಂದ ಸರಾಸರಿ ಗಂಟೆಗೆ 12–14 ಕಿ.ಮೀ. ಇಟ್ಟುಕೊಳ್ಳಿ. ತುಳಿಯುವುದಕ್ಕೇ ಎರಡೂವರೆಯಿಂದ ಮೂರು ಗಂಟೆ. ನಿಲ್ಲುವುದು, ನೀರು ನೋಡುತ್ತಾ ಕೂರುವುದು ಎಲ್ಲ ಸೇರಿ ನಾಲ್ಕೂವರೆ ಗಂಟೆ ಕೈಯಲ್ಲಿರಲಿ.

ಇನ್ನೊಬ್ಬರು:

ಮೇಲಿನವರು ಹೇಳಿದ್ದೆಲ್ಲ ಸರಿ, ದಿಕ್ಕಿನ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. ರಜಾ ದಿನ ಹೋಗುವುದಾದರೆ ಗಾಳಿಗಿಂತ ಪಾರ್ಕಿನ ಜನ ಮುಖ್ಯ. ಬೆಳಿಗ್ಗೆ ಹತ್ತರ ಮೇಲೆ ಅಲ್ಲಿ ನಡೆಯುವವರು, ಓಡಾಡುವ ಪುಟ್ಟ ಮಕ್ಕಳು, ಹಗ್ಗ ಹಿಡಿದು ನಾಯಿ ಕರೆತಂದವರು ತುಂಬಿರುತ್ತಾರೆ. ಆ ಹೊತ್ತಿಗೆ ಪಾರ್ಕಿನ ಉದ್ದನೆಯ ಭಾಗ ನಿಮ್ಮ ಹಿಂದೆ ಇರಬೇಕು. ಗಾಳಿ ಜೋರಿಲ್ಲದ ದಿನ ನಾನಂತೂ ಪಾರ್ಕನ್ನೇ ಮೊದಲು ಮುಗಿಸುತ್ತೇನೆ.

ಬೆಲ್ ದೂರದಿಂದಲೇ ಒಂದು ಸಲ ಹೊಡೆಯಿರಿ. ತೀರ ಹಿಂದೆ ಬಂದು ಹೊಡೆದರೆ ಜನ ಗಾಬರಿಯಾಗಿ ನಿಮ್ಮ ದಾರಿಗೇ ಅಡ್ಡ ಬರುತ್ತಾರೆ. ಕಿವಿಯಲ್ಲಿ ಇಯರ್‌ಫೋನ್ ಇದ್ದವರಿಗೆ ಕೇಳಿಸುವುದೇ ಇಲ್ಲ, ನಡಿಗೆಯ ವೇಗಕ್ಕೆ ಇಳಿದು ಬದಿಯಿಂದ ದಾಟಿ. ಪಾರ್ಕಿನ ಬಾಯಿಯಲ್ಲಿ ಕಾರು ನುಗ್ಗದಂತೆ ಗಿಡ್ಡ ಕಂಬ ನೆಟ್ಟಿರುತ್ತಾರೆ. ಮುಂದಿರುವವರಿಗೆ ಕಾಣುತ್ತದೆ, ಹಿಂದಿರುವವರಿಗೆ ಮುಂದಿನವರ ಬೆನ್ನು ಅಡ್ಡ. ‘ಕಂಬ!’ ಅಂತ ಕೂಗಿ ಹೇಳುವ ಅಭ್ಯಾಸ ಇಬ್ಬರೂ ಮಾಡಿಕೊಳ್ಳಿ.

ಮತ್ತೊಬ್ಬರು:

ನಾನು ಪಂಕ್ಚರ್ ಬಗ್ಗೆ ಹೇಳುತ್ತೇನೆ. ಹೊಲದ ದಾರಿಯಲ್ಲಿ ಬೇಲಿ ಕತ್ತರಿಸಿದ ಮುಳ್ಳು ಬಿದ್ದೇ ಇರುತ್ತದೆ. ಒಬ್ಬೊಬ್ಬರ ಸೈಕಲ್‌ಗೂ ಸರಿಹೊಂದುವ ಒಂದೊಂದು ಹೊಸ ಟ್ಯೂಬ್, ಟೈರ್ ಬಿಚ್ಚುವ ಎರಡು ಪ್ಲಾಸ್ಟಿಕ್ ಪಟ್ಟಿ, ಒಂದು ಕೈಪಂಪು, ತೇಪೆ ಹಾಕುವ ಸಾಮಾನು. ಚಕ್ರ ನಟ್ಟಿನದಾದರೆ ಸ್ಪ್ಯಾನರ್ ಮರೆಯಬೇಡಿ. ಪಂಪು ನಿಮ್ಮ ಟ್ಯೂಬಿನ ವಾಲ್ವ್‌ಗೆ ಕೂರುತ್ತದಾ ಅಂತ ಮನೆಯಲ್ಲೇ ನೋಡಿಕೊಳ್ಳಿ. ವಾಲ್ವ್‌ನಲ್ಲಿ ದಪ್ಪದ್ದು, ಸಣ್ಣದ್ದು ಅಂತ ಬೇರೆ ಬೇರೆ ಇರುತ್ತವೆ.

ಹಿಂದಿನ ಚಕ್ರ ಬಿಚ್ಚುವ ಮೊದಲು ಚೈನನ್ನು ಅತಿ ಚಿಕ್ಕ ಹಲ್ಲುಚಕ್ರಕ್ಕೆ ತನ್ನಿ, ಬಿಚ್ಚುವುದೂ ಸುಲಭ, ಕೂರಿಸುವುದೂ ಸುಲಭ. ಟೈರಿನ ಒಂದು ಬದಿ ಮಾತ್ರ ರಿಮ್‌ನಿಂದ ಎಬ್ಬಿಸಿದರೆ ಸಾಕು, ಟ್ಯೂಬ್ ಹೊರಗೆ ಎಳೆಯಬಹುದು. ಆಮೇಲೆ ಮಾಡುವ ಕೆಲಸವನ್ನೇ ಜಾಸ್ತಿ ಜನ ಬಿಡುತ್ತಾರೆ: ಟೈರಿನ ಒಳಮೈ ಮೇಲೆ ಬೆರಳ ತುದಿಯನ್ನು ನಿಧಾನವಾಗಿ, ಪೂರ್ತಿ ಒಂದು ಸುತ್ತು ಸವರಬೇಕು. ಮುಳ್ಳಿನ ಮೊನೆ ಹೊರಗಿನಿಂದ ಕಾಣುವುದಿಲ್ಲ. ಒಳಗೆ ಕೂದಲೆಳೆಯಷ್ಟು ಚಾಚಿಕೊಂಡಿರುತ್ತದೆ, ಬೆರಳಿಗೆ ಚುರ್ ಅನ್ನುತ್ತದೆ. ಅದನ್ನು ಹೊರಗಿನಿಂದ ಕಿತ್ತ ಮೇಲೆ ಹೊಸ ಟ್ಯೂಬ್. ಕೀಳದೆ ಹಾಕಿದರೆ ಹತ್ತು ನಿಮಿಷಕ್ಕೆ ಅದೂ ಹೋಯಿತು. ಹೊಸ ಟ್ಯೂಬಿಗೆ ಮೊದಲೇ ಒಂದಿಷ್ಟು ಗಾಳಿ ತುಂಬಿ, ಗುಂಡಗಾದ ಮೇಲೆ ಒಳಗೆ ಕೂರಿಸಿ, ಮಡಚಿಕೊಳ್ಳುವುದಿಲ್ಲ. ಹೊರಡುವ ಮುಂಚಿನ ಭಾನುವಾರ ಮಗಳ ಕೈಯಲ್ಲೇ ಇದನ್ನೆಲ್ಲ ಒಮ್ಮೆ ಮಾಡಿಸಿ ನೋಡಿ. ಆ ವಯಸ್ಸಿನ ಮಕ್ಕಳು ಬೇಗ ಕಲಿಯುತ್ತಾರೆ.

ಟೈರಿಗೆ ಗಾಳಿ ಕಲ್ಲಿನ ಹಾಗೆ ಹೊಡೆಸಬೇಡಿ. ಎಷ್ಟರಿಂದ ಎಷ್ಟು ಅಂತ ಟೈರಿನ ಬದಿಯಲ್ಲೇ ಬರೆದಿರುತ್ತದೆ. ಜಲ್ಲಿ ಇರುವ ದಾರಿಗೆ ಆ ಅಳತೆಯ ನಡುಮಟ್ಟ ಸಾಕು. ಕುಲುಕು ಕಡಿಮೆ, ಹಿಡಿತ ಜಾಸ್ತಿ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ತುಂಬಾ ಧನ್ಯವಾದ. ಸೇತುವೆಗಳನ್ನು ಗುರುತು ಮಾಡಿದೆ, ಮಧ್ಯದಲ್ಲಿ ಎರಡು ಸಿಕ್ಕವು. ಇನ್ನೆರಡು ಸಂಶಯ. ಮಗಳಿಗೆ ಸುಸ್ತಾಗಿದ್ದರೂ ಹೇಳುವ ಜಾತಿ ಅಲ್ಲ, ಹೇಗೆ ಗೊತ್ತಾಗಬೇಕು? ಮತ್ತೆ, ಹಿಂದಿನ ದಿನ ಮಳೆ ಬಂದಿದ್ದರೆ ಹೋಗಬಹುದಾ?

ಉತ್ತರ:

ಮೊದಲನೆಯದಕ್ಕೆ ಸುಲಭದ ದಾರಿ, ಮಾತಾಡಿಸುತ್ತಾ ಇರಿ. ತುಳಿಯುತ್ತಲೇ ಪೂರ್ತಿ ವಾಕ್ಯ ಹೇಳಲು ಆಗುತ್ತಿದೆ, ಆದರೆ ಹಾಡಲು ಆಗುವುದಿಲ್ಲ ಅನ್ನುವಷ್ಟಿದ್ದರೆ ಅದೇ ಮಧ್ಯಮ ಶ್ರಮ. ಎರಡು ಮೂರು ಪದಕ್ಕೆ ಉಸಿರು ಎಳೆಯುತ್ತಿದ್ದರೆ ವೇಗ ಇಳಿಸಿ. ಮಾತಾಡುತ್ತಿದ್ದವಳು ಸುಮ್ಮನಾದಳು, ಸಣ್ಣದಕ್ಕೆಲ್ಲ ಸಿಡುಕಿದಳು ಅಂದರೆ ಹೆಚ್ಚಾಗಿ ಹೊಟ್ಟೆ ಖಾಲಿಯಾಗಿದೆ. ಹಸಿವು ಅಂತ ಹೇಳುವವರೆಗೆ ಕಾಯದೆ ಮುಕ್ಕಾಲು ಗಂಟೆಗೊಮ್ಮೆ ಏನಾದರೂ ಸ್ವಲ್ಪ ತಿನ್ನಿಸಿ. ನೀರು ಗಂಟೆಗೆ ಅರ್ಧ ಲೀಟರ್ ಲೆಕ್ಕ ಇಟ್ಟುಕೊಳ್ಳಿ, ಬಿಸಿಲಿದ್ದರೆ ಇನ್ನೂ ಜಾಸ್ತಿ. ಅವಳ ಸೀಟಿನ ಎತ್ತರವನ್ನೂ ನೋಡಿ. ಪೆಡಲ್ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಆಗ ಮುಂಗಾಲಿನಲ್ಲಿ ತುಳಿಯುವಾಗ ಮಂಡಿ ಸ್ವಲ್ಪ ಮಡಚಿರುತ್ತದೆ. ಬೆಳೆಯುವ ಮಕ್ಕಳ ಸೀಟು ಯಾವಾಗಲೂ ಒಂದೆರಡು ಬೆರಳು ಕೆಳಗೇ ಉಳಿದಿರುತ್ತದೆ, ಸುಸ್ತಿಗೆ ಅದೂ ಕಾರಣ.

ಮಳೆ ಬಂದಿದ್ದರೆ ಒಂದೆರಡು ದಿನ ಬಿಟ್ಟು ಹೋಗಿ ಅನ್ನುತ್ತೇನೆ. ಹೊಲದ ಮಣ್ಣು ಮಡ್‌ಗಾರ್ಡ್ ಮತ್ತು ಟೈರಿನ ನಡುವೆ ಮೆತ್ತಿಕೊಂಡು ಚಕ್ರ ತಿರುಗುವುದೇ ನಿಲ್ಲುತ್ತದೆ. ಮರದ ಹಲಗೆಯ ಕಾಲುಸೇತುವೆ ಒದ್ದೆಯಾಗಿದ್ದರೆ ಬಹಳ ಜಾರುತ್ತದೆ. ಅದಕ್ಕೆ ಹತ್ತುವ ಮೊದಲೇ ನಿಧಾನ ಮಾಡಿ, ನೇರವಾಗಿ ದಾಟಿ, ಮೇಲೆ ಬ್ರೇಕ್ ಹಿಡಿಯುವುದಾಗಲಿ ಹ್ಯಾಂಡಲ್ ತಿರುಗಿಸುವುದಾಗಲಿ ಬೇಡ. ಉದುರಿದ ಎಲೆ, ಸಡಿಲ ಜಲ್ಲಿಯ ತಿರುವಿಗೂ ಇದೇ ಮಾತು. ಅಲ್ಲಿ ಮುಂದಿನ ಬ್ರೇಕ್ ಗಟ್ಟಿಯಾಗಿ ಒತ್ತಿದರೆ ಬೀಳುವುದು ಖಂಡಿತ.

ಇನ್ನೊಂದು ವಿಷಯದಲ್ಲಿ ಮಾತ್ರ ದಯವಿಟ್ಟು ಗಟ್ಟಿಯಾಗಿರಿ. ದೊಡ್ಡ ಸೇತುವೆಗಳ ಅಡಿಯಲ್ಲಿ ಹಾದುಹೋಗುವ ದಾರಿ ನದಿಗೆ ತೀರ ಹತ್ತಿರ ಇರುತ್ತದೆ, ನೀರು ಏರಿದರೆ ಮೊದಲು ಮುಳುಗುವುದು ಅದೇ. ಅಲ್ಲಿ ನೀರು ಹರಿಯುತ್ತಿದ್ದರೆ ಪಾದ ಮುಳುಗುವಷ್ಟೇ ಇದೆ ಅನ್ನಿಸಿದರೂ ಇಳಿಯಬೇಡಿ. ರಭಸದ ನೀರು 15 ಸೆಂ.ಮೀ. ಇದ್ದರೂ ದೊಡ್ಡವರನ್ನೇ ಕೆಡವುತ್ತದೆ. ನೀರು ಇಳಿದ ಮೇಲೂ ನುಣ್ಣನೆಯ ಹೂಳು ಉಳಿದಿರುತ್ತದೆ, ಇಳಿದು ತಳ್ಳಿಕೊಂಡು ಹೋಗಿ. ನದಿ ತಿರುಗುವ ಕಡೆ ಹೊರಬದಿಯ ದಂಡೆಯನ್ನು ನೀರು ಕೆಳಗಿನಿಂದ ಕೊರೆಯುತ್ತಾ ಇರುತ್ತದೆ. ಮೇಲೆ ಹುಲ್ಲು ಹಸಿರಾಗಿ ಕಂಡರೂ ಅಡಿಯಲ್ಲಿ ಮಣ್ಣಿಲ್ಲದಿರಬಹುದು. ಫೋಟೋ ತೆಗೆಯಲು ಅಂತ ಆ ಅಂಚಿಗೆ ಹೋಗಬೇಡಿ, ಮಗಳಿಗೂ ಮೊದಲೇ ಹೇಳಿಡಿ. ಒಳಬದಿಯ ತಿರುವಿನಲ್ಲಿ ಮರಳು ಕೂತು ಅಗಲವಾದ ಜಾಗ ಇರುತ್ತದೆ, ಕೂರುವುದಾದರೆ ಅಲ್ಲಿ, ನೀರಿನಿಂದ ಸ್ವಲ್ಪ ದೂರದಲ್ಲಿ ಕೂರಿ.

ಇನ್ನೊಬ್ಬರು:

ಒಂದು ಸಣ್ಣ ಸೇರ್ಪಡೆ. ಬೆಳಿಗ್ಗೆ ನದಿಯ ಮೇಲೆ ಮಂಜು ಇದ್ದರೆ ಹಿಂದೆ ಮುಂದೆ ಲೈಟ್ ಹಾಕಿಕೊಳ್ಳಿ. ಸೂರ್ಯ ಕೆಳಗಿರುವಾಗ ಅದರ ಕಡೆಗೇ ಮುಖ ಮಾಡಿ ರಸ್ತೆಯಲ್ಲಿ ಹೋಗುತ್ತಿದ್ದರೆ, ನಮಗೆ ಕಣ್ಣು ಕುಕ್ಕುವ ಹಾಗೆಯೇ ಹಿಂದಿನಿಂದ ಬರುವ ಡ್ರೈವರ್‌ಗೂ ಕುಕ್ಕುತ್ತದೆ, ನಾವು ಕಾಣುವುದಿಲ್ಲ. ಅಂಥ ತುಂಡು ರಸ್ತೆ ನಿಮ್ಮ ಸುತ್ತಿನಲ್ಲಿದ್ದರೆ ಬದಿಗೆ ಸರಿದು ಹೋಗಿ. ಸಂಜೆಯಾದರೆ ಹುಳಗಳು ಕಣ್ಣಿಗೆ ಬೀಳುತ್ತವೆ, ಬಣ್ಣವಿಲ್ಲದ ಕನ್ನಡಕ ಇಬ್ಬರಿಗೂ ಇರಲಿ. ಹೆಲ್ಮೆಟ್ ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ. ಹೋಗಿ ಬಂದ ಮೇಲೆ ಯಾವ ಸೇತುವೆಯಲ್ಲಿ ದಾಟಿದಿರಿ ಅಂತ ಬರೆಯಿರಿ.